ಅಕ್ಕಿ ಚೀಲದ ಹುಡುಗಿ

ಫೋನು ಬಂದಾಗ ಹನುಮಂತಮ್ಮ ಮಂಡಕ್ಕಿ ಒಗ್ಗರಣೆಗೆಂದು ಮಂಡಾಳು ತೊಯಿಸುತ್ತಿದ್ದಳು. ಎಡಗೈಯಲ್ಲಿ ಫೋನು, ಬಲಗೈ ಬೋಗುಣಿಯ ನೀರಿನಲ್ಲಿ. ‘ಹನುಮೀ, ರಾಯಚೂರು ಬಸ್‌ಸ್ಟ್ಯಾಂಡ್‌ನಾಗ ಅದೀನಿ. ಮಾನ್ವಿ ಬಸ್ ಹತ್ತಾಕತ್ತೀನಿ. ನಿನ್ನ ಕಂಪ್ಯೂಟರ್ ಬೇಕಾಗೇದ ನನಗ. ಎಲ್ಲೂ ಹೋಗಬ್ಯಾಡ,’ ಎಂದು ಒಂದೇ ಉಸಿರಿನಲ್ಲಿ ಹೇಳಿ ಅವಳಿಗೆ ಕೆಲಸ ಕಲಿಸಿದ ವಾಹಿದಾ ಆಪಾ ಫೋನು ಕಟ್ ಮಾಡಿದರು. ಊಟಕ್ಕೆ ಬರುತ್ತೇನೆ ಅಂದಿದ್ದರೆ ಹನುಮಂತಮ್ಮ ಓಣಿಗೆಲ್ಲ ಸಾರಿಕೊಂಡು ಬರುತ್ತಿದ್ದಳು. ಕಾಲು ಉಳುಕಿದೆ, ಎರಡು ದಿನ ಇರುತ್ತೇನೆ ಅಂದಿದ್ದರೂ ಹಾಸಿಗೆ ಝಾಡಿಸಿ ಹಾಸುತ್ತಿದ್ದಳು. ಕಂಪ್ಯೂಟರ್ ಬೇಕು ಅಂದರಲ್ಲ, ಅದಕ್ಕೇ ಕೈ ನೀರಿನಲ್ಲೇ ಉಳಿಯಿತು. ಮಂಡಾಳು ನೆನೆದು ನೆನೆದು ಮುದ್ದೆಯಾಯಿತು. ‘ಏನ್ ಬೇ, ಮಂಡಾಳಿನ ಸಾರು ಮಾಡ್ತೀಯೇನು ಇವತ್ತು?’ ಎಂದು ಅತ್ತೆ ಬಸ್ಸಮ್ಮ ಕೇಳಿದ್ದೂ ಅವಳ ಕಿವಿಗೆ ಬೀಳಲಿಲ್ಲ.

ಮಾಡಿದ ಪಾಪವೇನೂ ದೊಡ್ಡದಲ್ಲ. ಪಡಸಾಲೆಯ ಮೂಲೆಯಲ್ಲಿ ಕಂಪ್ಯೂಟರ್ ಇದೆ. ಅದರ ಪರದೆಯ ಮೇಲೆ ಡಿಸೈನ್ ಮಾಡುವ ಸಾಫ್ಟ್‌ವೇರಿನ ಗುರುತಿನ ಚಿತ್ರವಿದೆ. ಆ ಚಿತ್ರ ಸುಳ್ಳು. ಅಷ್ಟೇ. ಚಿತ್ರ ತಿಂಗಳು ತಿಂಗಳು ಬಾಡಿಗೆ ಕೇಳುವ ದೊಡ್ಡ ಸಾಫ್ಟ್‌ವೇರಿನದು. ಒತ್ತಿದರೆ ತೆರೆದುಕೊಳ್ಳುವುದು ಇಂಕ್‌ಸ್ಕೇಪ್ ಎಂಬ ಪುಕ್ಕಟೆಯದು. ರಾಯಚೂರಿನ ತೀನ್ ಕಂದೀಲ್ ಹತ್ತಿರ ಆಪಾನ ಅಂಗಡಿಯಲ್ಲಿ ಹನ್ನೊಂದು ವರ್ಷ ಅಕ್ಕಿ ಚೀಲದ ಚಿತ್ರ ಬಿಡಿಸಿ, ಮದುವೆಯಾಗಿ ಮಾನ್ವಿಗೆ ಬಂದು ತನ್ನದೇ ಕೆಲಸ ಶುರು ಮಾಡಿದಾಗ ಮೊದಮೊದಲು ಅವಳೂ ಬಾಡಿಗೆ ಕಟ್ಟಿದಳು. ಒಂದು ತಿಂಗಳು ಕೆಲಸ ಬರುತ್ತಿತ್ತು, ಮೂರು ತಿಂಗಳು ಬರುತ್ತಿರಲಿಲ್ಲ. ಬಾಡಿಗೆಗೆ ಮಾತ್ರ ಆ ಭೇದವಿರಲಿಲ್ಲ. ಆಗ ಫೋನಿನಲ್ಲಿ ಯಾರದೋ ವಿಡಿಯೋ ನೋಡಿ ಇದನ್ನು ಇಳಿಸಿಕೊಂಡಳು. ಅದು ದುಡ್ಡು ಕೇಳಲಿಲ್ಲ, ಕಾರ್ಡಿನ ನಂಬರೂ ಕೇಳಲಿಲ್ಲ. ಇವತ್ತು ಕೇಳೀತು, ನಾಳೆ ಕೇಳೀತು ಎಂದು ಒಂದು ವಾರ ಹೆದರಿಕೊಂಡೇ ಕೆಲಸ ಮಾಡಿದಳು. ಎಂಟನೆಯ ದಿನ, ಇದಕ್ಕೆ ಕೇಳುವ ಚಾಳಿಯೇ ಇಲ್ಲ ಎಂದು ಖಾತ್ರಿಯಾದಾಗ ಹನುಮಂತಮ್ಮನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆದರೆ ಯಾರಿಗೆ ಹೇಳುವುದು? ಮಿಲ್ಲಿನವರಿಗೆ ಹೇಳಿದರೆ ‘ಪುಕ್ಕಟೆದರಾಗ ಮಾಡಿದ್ದಕ್ಕ ರೊಕ್ಕ ಯಾಕ?’ ಅನ್ನುತ್ತಾರೆ. ಅದಕ್ಕೇ ಚಿತ್ರ ಬದಲಾಯಿಸಿದ್ದು. ಗಿರಾಕಿಗಳಿಗೆ ಹೇಳಿದ ಸುಳ್ಳು ವ್ಯಾಪಾರ, ಹೋಗಲಿ. ಆಪಾ ಕೂಡ ಫೋನು ಮಾಡಿದಾಗೆಲ್ಲ ‘ಬಾಡಿಗಿ ಬಿಡದಂಗ ಕಟ್ಟಾಕತ್ತೀ ಇಲ್ಲ?’ ಎಂದು ಕೇಳುತ್ತಿದ್ದರು, ಇವಳು ‘ಕಟ್ಟಾಕತ್ತೀನಿ ಆಪಾ’ ಅನ್ನುತ್ತಿದ್ದಳು. ಎರಡು ವರ್ಷ. ಆ ಸುಳ್ಳು ಮಾತ್ರ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಹಾಗೇ ಉಳಿದಿತ್ತು.

ಯಾಕೆಂದರೆ ಆಪಾನ ಮುಂದೆ ಅವಳಿಗೆ ಇದ್ದದ್ದು ಒಂದೇ ಆಸ್ತಿ: ‘ನನ್ನ ಹನುಮಿ ಸುಳ್ಳು ಹೇಳಂಗಿಲ್ಲ’ ಎಂಬ ಅವರ ಮಾತು. ಅದನ್ನು ಅವರು ಹೇಳಿದ್ದು ಹಲ್ಲಿನ ಗಲಾಟೆಯ ದಿನ. ಗುಂಜಹಳ್ಳಿಯ ಅನ್ನಮ್ಮನವರ ರೈಸ್‌ಮಿಲ್ಲಿನ ಚೀಲದ ಮೇಲೆ ಅವರ ಮಗಳು ಸ್ವಪ್ನಾ ಆರು ವರ್ಷದವಳಿದ್ದಾಗಿನ ಚಿತ್ರವಿದೆ. ಬೊಗಸೆ ತುಂಬ ಅಕ್ಕಿ, ಬಾಯಿ ತುಂಬ ನಗು, ಮುಂದಿನ ಹಲ್ಲೊಂದು ಬಿದ್ದಿದೆ. ಮಿಲ್ಲಿನ ಹೆಸರು ದೊಡ್ಡ ಅಕ್ಷರದಲ್ಲಿದ್ದರೂ ಓದುವವರಾರು? ಬಜಾರಿನಲ್ಲಿ ಎಲ್ಲರೂ ಕೇಳುವುದು ‘ಹಲ್ಲು ಬಿದ್ದ ಪೋರಿ ಅಕ್ಕಿ ಕೊಡ್ರಿ’ ಎಂದೇ. ಹನುಮಂತಮ್ಮ ದೇವದುರ್ಗದಿಂದ ಬಂದು ಅಂಗಡಿ ಸೇರಿದ ಮೊದಲ ವರ್ಷ. ಗೆರೆ ಸ್ವಚ್ಛ ಮಾಡು ಎಂದು ಆಪಾ ಚಿತ್ರ ಕೊಟ್ಟಿದ್ದರು. ಸ್ವಚ್ಛ ಮಾಡುತ್ತ ಮಾಡುತ್ತ, ಅಯ್ಯೋ ಪಾಪ, ಕೂಸಿಗೆ ಹಲ್ಲೇ ಇಲ್ಲವಲ್ಲ ಎಂದು ಕರುಳು ಚುರ್ ಅಂದು, ಒಂದು ಹಲ್ಲು ಇಟ್ಟುಬಿಟ್ಟಳು. ಎಷ್ಟು ಚಂದದ ಹಲ್ಲು! ಚೀಲ ಅಚ್ಚಾಯಿತು, ಅಕ್ಕಿ ತುಂಬಿತು, ಬಜಾರಿಗೆ ಹೋಯಿತು, ಹೋದ ಲಾರಿಯಲ್ಲೇ ತಿರುಗಿ ಬಂತು. ಇದು ಡುಪ್ಲಿಕೇಟ್ ಪೋರಿ, ನಮಗೆ ಬೇಡ ಎಂದರಂತೆ ಜನ. ಅನ್ನಮ್ಮನವರು ಅಂಗಡಿಗೆ ನುಗ್ಗಿ, ಯಾರು ನನ್ನ ಮಗಳ ಬಾಯಿಗೆ ಕೈ ಹಾಕಿದವರು ಎಂದು ಕೂಗಾಡಿದರು. ಆಪಾ ಎದ್ದು ನಿಂತು, ‘ನನ್ನ ಕೈ ತಪ್ಪ್ಯಾದ್ರೀ ಅಮ್ಮಾರ’ ಎಂದರು. ಆಗ ಹನುಮಂತಮ್ಮನೇ ಅಳುತ್ತ ಮುಂದೆ ಬಂದು ‘ನಾನ್ರೀ, ನಾ ಇಟ್ಟೀನ್ರೀ ಹಲ್ಲು’ ಅಂದಿದ್ದಳು. ಸಂಜೆ ಅಂಗಡಿ ಮುಚ್ಚುವಾಗ ಆಪಾ ಹೇಳಿದ್ದು ಎರಡೇ ಮಾತು. ಕಂಡಷ್ಟ ಬಿಡಿಸಬೇಕು, ಕರುಣಾ ಬಂತಂತ ಹಲ್ಲು ಕೊಡಬಾರದು. ಇನ್ನೊಂದು, ನನ್ನ ಹನುಮಿ ಸುಳ್ಳು ಹೇಳಂಗಿಲ್ಲ.

‘ಅತ್ತಿ, ಕಂಪ್ಯೂಟರ್ ಕೆಟ್ಟು ಹೋಗ್ಯಾದ ಅಂತ ಹೇಳಿಬಿಡ್ಲೇನು?’ ಎಂದು ಹನುಮಂತಮ್ಮ ಇದ್ದಕ್ಕಿದ್ದಂತೆ ಕೇಳಿದಳು. ಬಸ್ಸಮ್ಮ ಮೆಣಸಿನಕಾಯಿ ಸೀಳುತ್ತಿದ್ದಳು. ‘ಮುಂಜಾನಿಂದ ಹಾಡು ಹಚ್ಚಿ ಕುಂತೀಯಲ್ಲ ಅದರಾಗ. ಯಾವಾಗ ಕೆಟ್ಟಿತು?’ ಎಂದಳು. ಅದೂ ನಿಜವೇ. ಹನುಮಂತಮ್ಮ ಕೈ ಒರೆಸಿಕೊಂಡು ಕಂಪ್ಯೂಟರ್ ಮುಂದೆ ಕೂತಳು. ಒಂದು ಉಪಾಯ ಹೊಳೆಯಿತು: ದೊಡ್ಡ ಸಾಫ್ಟ್‌ವೇರನ್ನೇ ಇಳಿಸಿಕೊಂಡರೆ? ಬಸ್ಸು ಬರುವಷ್ಟರಲ್ಲಿ ಸುಳ್ಳನ್ನು ನಿಜ ಮಾಡಿಬಿಟ್ಟರೆ? ಹುಡುಕಿದಳು. ಮೊದಲ ಏಳು ದಿನ ಪುಕ್ಕಟೆ ಎಂದಿತ್ತು. ಓಹೋ, ನಿಮ್ಮಲ್ಲೂ ಈ ಮಾತು ಉಂಟೋ ಎಂದು ನಗು ಬಂತು. ಆದರೆ ಕಾರ್ಡಿನ ನಂಬರು ಕೇಳಿತು, ಕೊಟ್ಟಳು. ಇಳಿಯಲು ಶುರುವಾಯಿತು. ಮಾನ್ವಿಯ ನೆಟ್ಟಿಗೆ ಏನು ಅವಸರ! ನಾಲ್ಕು ತಾಸು ಎಂದು ತೋರಿಸಿ, ಮನಸ್ಸು ಬದಲಾಯಿಸಿ ಐದು ತಾಸು ಎಂದಿತು. ಫೋನು ಮತ್ತೆ ಬಂತು: ‘ಕಲ್ಲೂರು ದಾಟೀನಿ.’ ನೂರಕ್ಕೆ ಆರು ಭಾಗ ಇಳಿದಿತ್ತು. ‘ನೀರಮಾನ್ವಿ ದಾಟೀನಿ ಹನುಮಿ, ಚಹಾ ಇಡು.’ ನೂರಕ್ಕೆ ಒಂಬತ್ತು. ಹನುಮಂತಮ್ಮ ಎದ್ದು ನಿಂತು ಕರೆಂಟಾದರೂ ಹೋಗಬಾರದೇ ಎಂದು ಬಲ್ಬಿನ ಕಡೆ ನೋಡಿದಳು. ದಿನಕ್ಕೆ ನಾಲ್ಕು ಸಲ ಹೋಗುವ ಕರೆಂಟು ಇವತ್ತು ಗಟ್ಟಿಯಾಗಿ ಕೂತಿತ್ತು. ಹಾಳಾದ್ದು, ಬೇಕಾದಾಗ ಹೋಗುವುದಿಲ್ಲ. ಬಾಗಿಲಲ್ಲಿ ಚಪ್ಪಲಿಯ ಸದ್ದು ಕೇಳಿದಾಗ ಅವಳು ಇಳಿಯುತ್ತಿದ್ದುದನ್ನು ನಿಲ್ಲಿಸಿ, ಕಾರ್ಡಿನ ಗುರುತು ಅಳಿಸಿ, ಮುಖಕ್ಕೊಂದು ನಗು ಅಂಟಿಸಿಕೊಂಡಳು.

ಆಪಾ ಬುರ್ಖಾದ ಮುಸುಕು ಹಿಂದೆ ಸರಿಸಿ, ಬಸ್ಸಮ್ಮನ ಕೈ ಹಿಡಿದು ಆರೋಗ್ಯ ವಿಚಾರಿಸಿ, ಹನುಮಂತಮ್ಮನ ಗಲ್ಲ ಚಿವುಟಿ, ಒಂದು ಗುಟುಕು ನೀರು ಕುಡಿದು, ಆಮೇಲೆ ಕುರ್ಚಿಯಲ್ಲಿ ದೊಪ್ಪನೆ ಕೂತು ‘ನನ್ನ ಮಷಿನ್ನಿಗಿ ಬೀಗ ಬಿದ್ದದ ಹನುಮಿ’ ಎಂದರು. ನಡೆದದ್ದು ಇಷ್ಟು. ಬ್ಯಾಂಕಿನವರು ಹೊಸ ಕಾರ್ಡು ಕೊಟ್ಟಿದ್ದಾರೆ, ಹಳೆಯದು ಸತ್ತಿದೆ. ಈ ತಿಂಗಳ ಸಾಫ್ಟ್‌ವೇರ್ ಬಾಡಿಗೆ ಹೋಗಿಲ್ಲ. ಹೊಸ ಕಾರ್ಡು ಸೇರಿಸೋಣವೆಂದರೆ ಓಟಿಪಿ ಹೋಗುವುದು ತಮ್ಮನ ನಂಬರಿಗೆ, ತಮ್ಮ ಸೌದಿಯ ದಮ್ಮಾಮಿನಲ್ಲಿ ಡ್ಯೂಟಿಯ ಮೇಲಿದ್ದಾನೆ, ಫೋನು ಎತ್ತುವುದಿಲ್ಲ. ಅನ್ನಮ್ಮನವರು ಹತ್ತು ಕಿಲೋ ಚೀಲ ಹೊಸದಾಗಿ ಮಾಡಿಸುತ್ತಿದ್ದಾರೆ, ಸಂಜೆ ಐದರೊಳಗೆ ಹೈದರಾಬಾದಿನ ಚೀಲದ ಕಾರ್ಖಾನೆಗೆ ಚಿತ್ರ ಹೋಗಬೇಕು. ‘ಹತ್ತು ವರ್ಷ ಕಟ್ಟೀನಿ. ಒಂದು ತಿಂಗಳು ತಪ್ಪಿದ್ದಕ್ಕ, ನಾ ಬಿಡಿಸಿದ ಪೋರಿನ್ನ ನನಗ ತೋರಿಸವಲ್ಲದು, ನೋಡು! ಯಾ ಅಲ್ಲಾ, ನನ್ನ ಮನಿ ಕೀಲಿ ಮಂದಿ ಕೈಯಾಗ!’ ಎಂದು ಆಪಾ ಚೀಲದಿಂದ ಪೆನ್‌ಡ್ರೈವ್ ತೆಗೆದರು. ‘ಸರಿ ನೀ ಈ ಕಡಿ.’

ಅವರ ಬೆರಳು ಆ ಸುಳ್ಳು ಚಿತ್ರದ ಮೇಲೆ ಹೋದದ್ದನ್ನು ಹನುಮಂತಮ್ಮ ನೋಡಿದಳು. ಎರಡು ಸಲ ಟಕ್ ಟಕ್. ಆಗ ಅವಳಿಗೆ ಎಲ್ಲವೂ ಬಹಳ ನಿಧಾನವಾಗಿ ಕಂಡಿತು: ಆಪಾನ ಉಗುರಿನ ಮಾಸಿದ ಮೆಹಂದಿ, ಕೀಬೋರ್ಡಿನ ಸಂದಿಯಲ್ಲಿ ಸಿಕ್ಕಿಕೊಂಡ ಒಂದು ಮಂಡಾಳು, ಪರದೆಯ ಮೇಲೆ ಬಿಚ್ಚಿಕೊಂಡ ಬಿಳಿಯ ಹಾಳೆ. ಆಪಾನ ಕಣ್ಣಿಗಿಂತ ಮೊದಲು ಕೈಗೆ ಸಂಶಯ ಬಂತು. ಇಪ್ಪತ್ತು ವರ್ಷದ ರೂಢಿಯಲ್ಲಿ ಒಂದು ಕೀಲಿ ಒತ್ತಿ ಮೌಸು ಎಳೆದರು. ಗೆರೆ ಬರುವ ಕಡೆ ನಕ್ಷತ್ರ ಬಂತು. ಇನ್ನೊಂದು ಕೀಲಿ ಒತ್ತಿದರು, ಇನ್ನೊಂದು ನಕ್ಷತ್ರ. ಆಪಾ ಕನ್ನಡಕ ಮೇಲೇರಿಸಿದರು. ‘ಇದೇನ್ ಹನುಮಿ, ಹಗಲೊತ್ತಿನಾಗ ಚಿಕ್ಕಿ ಮೂಡಾಕತ್ತಾವು?’ ಹನುಮಂತಮ್ಮನ ಬಾಯಿಂದ ‘ಹೊಸಾ ವರ್ಷನ್ ಆಪಾ’ ಎಂಬ ಮಾತು ತಾನಾಗಿಯೇ ಹೊರಬಿತ್ತು. ಛೀ, ಇನ್ನೊಂದು! ಒಂದು ಸುಳ್ಳಿಗೆ ಇನ್ನೊಂದರ ಊರುಗೋಲು. ಆಪಾ ತಲೆಯಾಡಿಸಿ, ಹೌದೇನೋ, ಇವರು ತಿಂಗಳಿಗೊಮ್ಮೆ ಗುಂಡಿ ಬದಲಿ ಮಾಡತಾರ ಎಂದು ನಂಬಿಯೂ ಬಿಟ್ಟರು. ನಂಬುವ ಬದಲು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಷ್ಟರಲ್ಲಿ ಬಸ್ಸಮ್ಮ ಚಹಾ ತಂದಳು. ಸೊಸೆಯ ಹೆಚ್ಚುಗಾರಿಕೆಯನ್ನು ಓಣಿಗೆಲ್ಲ ಹೇಳಿ ಮುಗಿಸಿ ಹೊಸ ಕಿವಿ ಸಿಗದೆ ಚಡಪಡಿಸುತ್ತಿದ್ದ ಮುದುಕಿ. ‘ಇದು ಪುಕ್ಕಟೆದ್ದು ನೋಡವಾ ಆಪಾ,’ ಎಂದಳು ಪರದೆಗೆ ಬೆರಳು ತೋರಿಸಿ. ‘ಯಾರೋ ಪುಣ್ಯವಂತರು ಮಾಡಿ ಬಿಟ್ಟಾರಂತ, ಬಾವಿ ತೋಡಿಸಿದಂಗ. ಸೇದಿಕೊಂಡವರಿಗಿ ಸೇದಿಕೊಂಡಷ್ಟು. ಹೂಳು ತುಂಬಿದ್ರ ಬ್ಯಾರೆ ಊರಿನ ಮಂದಿನ ಬಂದು ತಗದು ಹೋಗ್ತಾರಂತ. ಎರಡು ವರ್ಷ ಆತು, ಒಂದು ಪೈಸಾ ಕೊಟ್ಟಿಲ್ಲ ನಮ್ಮ ಹನುಮಂತಿ!’ ಹೇಳಿ, ಮೆಚ್ಚುಗೆಗಾಗಿ ಇಬ್ಬರ ಮುಖವನ್ನೂ ನೋಡಿದಳು. ಒಗ್ಗರಣೆಯ ಸಾಸಿವೆ ನೆನಪಾಗಿ ಒಳಗೆ ಹೋದಳು.

ಆಪಾ ಚಹಾ ಮುಟ್ಟಲಿಲ್ಲ. ಪೆನ್‌ಡ್ರೈವ್ ಕಿತ್ತು ಚೀಲಕ್ಕೆ ಹಾಕಿಕೊಂಡರು. ‘ಕಟ್ಟಾಕತ್ತೀನಿ ಆಪಾ, ಕಟ್ಟಾಕತ್ತೀನಿ ಆಪಾ,’ ಎಂದು ಹನುಮಂತಮ್ಮನ ದನಿಯಲ್ಲೇ ಹೇಳಿದರು. ‘ಪುಕ್ಕಟೆ ಸಿಕ್ಕಿದ್ದಕ್ಕ ಕಿಮ್ಮತ್ತಿರಂಗಿಲ್ಲ ಅಂತ ಎಷ್ಟು ಸಲ ಹೇಳೀನಿ ನಿನಗ? ಪುಕ್ಕಟೆ ತಗೋ, ಹಾಳಾಗು. ಆದ್ರ ನನಗ ಯಾಕ ಸುಳ್ಳು ಹೇಳಿದಿ?’ ಎದ್ದರು. ಮುಸುಕು ಎಳೆದುಕೊಂಡರು. ಇನ್ನು ನಾಲ್ಕು ಹೆಜ್ಜೆಗೆ ಹೊಸ್ತಿಲು. ಅವರು ಹೊಸ್ತಿಲು ದಾಟಿದರೆ ಮತ್ತೆ ಬರುವವರಲ್ಲ ಎಂಬುದು ಹನುಮಂತಮ್ಮನಿಗೆ ಗೊತ್ತಿತ್ತು. ಖಾಸಾ ಅಕ್ಕನ ಜೊತೆ ಒಂಬತ್ತು ವರ್ಷ ಮಾತು ಬಿಟ್ಟ ಹೆಂಗಸು. ತಪ್ಪಾಯಿತು ಅನ್ನಬೇಕು, ಕಾಲಿಗೆ ಬೀಳಬೇಕು ಎಂದು ಬುದ್ಧಿ ಹೇಳುತ್ತಿತ್ತು. ಆದರೆ ಬಾಯಿಗೆ ಬಂದದ್ದು ಸಿಟ್ಟು. ಇಷ್ಟು ದಿನ ಎಲ್ಲಿ ಅಡಗಿತ್ತೋ ಏನೋ.

‘ಪುಕ್ಕಟೆದಕ್ಕ ಕಿಮ್ಮತ್ತಿಲ್ಲಂದ್ರ ನೀವು ನನಗ ಕಲಿಸಿದ್ದು ಏನ್ ಮತ್ತ?’ ಎಂದು ಅವಳು ಕಿರುಚಿದಳು. ‘ದೇವದುರ್ಗದಿಂದ ಒಂದು ಪ್ಲಾಸ್ಟಿಕ್ ಚೀಲ ಹಿಡಕೊಂಡು ಬಂದಿದ್ದೆ ನಾ. ಮೌಸ್ ಹಿಡಿಯಾಕ ಬರ್ತಿರಲಿಲ್ಲ. ಕೈ ಹಿಡಿದು ಕಲಿಸಿದ್ರಿ. ಎಷ್ಟು ಫೀ ತಗೊಂಡ್ರಿ? ಹೇಳ್ರಿ! ಹಲ್ಲು ಇಟ್ಟಾಗ ಬೈಸಿಕೊಂಡ್ರಿ, ಅದಕ್ಕೆಷ್ಟು ತಗೊಂಡ್ರಿ? ಒಂದು ಪೈಸಾ ತಗೊಂಡಿಲ್ಲ ನೀವು. ಅದಕ್ಕೂ ಕಿಮ್ಮತ್ತಿಲ್ಲೇನು ಆಪಾ? ಇಲ್ಲಂದ್ರ ಹೋಗ್ರಿ. ಸುಳ್ಳು ಹೇಳಿದ್ದು ನನ್ನ ತಪ್ಪು. ಅದ ಖರೇ. ನೀವು ನನ್ನನ್ನ ಅಗ್ಗದಾಕಿ ಅಂತೀರಂತ ಹೆದರಿದ್ದೆ. ಅದೂ ಖರೇ.’ ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಮೂಗು ಸೋರತೊಡಗಿತ್ತು, ಒರೆಸಿಕೊಳ್ಳಲು ಸಿಕ್ಕಿದ್ದು ಮಂಡಾಳಿನ ಬಟ್ಟೆ. ಮಾತಾಡಿದವಳು ತಾನೇನಾ ಎಂದು ಅವಳಿಗೇ ಅನುಮಾನ ಬಂತು.

ಆಪಾ ಹೊಸ್ತಿಲಲ್ಲಿ ನಿಂತೇ ಇದ್ದರು. ಓಣಿಯಲ್ಲಿ ಯಾರೋ ‘ಬೆಳ್ಳುಳ್ಳೀ’ ಎಂದು ಕೂಗುತ್ತ ಹೋದರು. ಒಳಗೆ ಸಾಸಿವೆ ಚಟಚಟ ಸಿಡಿಯಿತು. ಆಪಾ ತಿರುಗಿ ಬಂದು, ಕುರ್ಚಿಯ ಮೇಲೆ ಕೂತು, ಚಹಾದ ಲೋಟ ಎತ್ತಿದರು. ‘ಆರಿ ಹೋಗೇದ,’ ಎಂದರು. ಹನುಮಂತಮ್ಮ ಬಿಸಿ ಮಾಡಿ ತರುತ್ತೇನೆಂದು ಕೈ ಚಾಚಿದರೆ ಕೊಡಲಿಲ್ಲ, ಆರಿದ್ದನ್ನೇ ಒಂದೇ ಗುಟುಕಿಗೆ ಕುಡಿದರು. ಆಮೇಲೆ ಪರದೆಯ ಕಡೆ ನೋಡುತ್ತ, ಹೆಣ್ಣು ನೋಡಲು ಬಂದವರಂತೆ ಕೇಳಿದರು: ‘ಅಚ್ಚಿಗಿ ನಾಕು ಬಣ್ಣ ಬ್ಯಾರೆ ಬ್ಯಾರೆ ತಗೀತದೇನು ಇದು?’

‘ತಗೀತದ ಆಪಾ.’

‘ಗೆರಿ ದಪ್ಪ ಸಣ್ಣ?’

‘ಎಲ್ಲಾ ಬರ್ತದ. ಬರ್ರಿ, ತೋರಿಸ್ತೀನಿ.’

ಪೆನ್‌ಡ್ರೈವಿನ ಫೈಲು ತೆರೆಯಲಿಲ್ಲ. ಅದು ಬಾಡಿಗೆ ಮನೆಯಲ್ಲಿ ಹುಟ್ಟಿದ ಫೈಲು, ಇಲ್ಲಿಯ ಬಾಗಿಲು ಅದಕ್ಕೆ ಒಗ್ಗಲಿಲ್ಲ. ಹಾಗಾದರೆ ಮತ್ತೊಮ್ಮೆ ಬಿಡಿಸಿದರಾಯಿತು ಎಂದಳು ಹನುಮಂತಮ್ಮ. ಬಸ್ಸಮ್ಮ ಅಡುಗೆಮನೆಯಿಂದ ಹಲ್ಲು ಬಿದ್ದ ಪೋರಿಯ ಖಾಲಿ ಚೀಲವೊಂದನ್ನು ಝಾಡಿಸಿ ತಂದಳು. ಈ ಸೀಮೆಯಲ್ಲಿ ಆ ಚೀಲವಿಲ್ಲದ ಮನೆ ಯಾವುದು! ಗೋಡೆಗೆ ಮೊಳೆ ಹೊಡೆದು ಬಿಗಿಯಾಗಿ ಹಚ್ಚಿ, ಫೋನಿನಲ್ಲಿ ಫೋಟೋ ತೆಗೆದು, ಅದರ ಮೇಲೆ ಚುಕ್ಕಿಯಿಂದ ಚುಕ್ಕಿಗೆ ಗೆರೆ ಎಳೆಯುತ್ತ ಹೋದಳು. ಆಪಾ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಹೇಳುತ್ತಿದ್ದರು: ಇಲ್ಲಿ ಗಲ್ಲ ಸ್ವಲ್ಪ ಉಬ್ಬಲಿ, ಇಲ್ಲಿ ಕೂದಲು ಹಾರಲಿ, ಆ ಕಿವಿಯೋಲೆಯ ಹಸಿರು ಅದಲ್ಲ, ಅದರ ಪಕ್ಕದ್ದು. ನಡುನಡುವೆ ಒಗ್ಗರಣೆ, ಮಿರ್ಚಿ. ಎಣ್ಣೆಗೈಯಲ್ಲಿ ಮೌಸು ಮುಟ್ಟಬೇಡಿ ಎಂದರೆ ಆಪಾ ಬುರ್ಖಾಕ್ಕೆ ಕೈ ಒರೆಸಿಕೊಂಡರು. ‘ಒಂದು ಗೆರಿ ನಾ ಎಳೀತೀನಿ, ಕೊಡು’ ಎಂದು ಕೂತು, ಪೋರಿಯ ಹುಬ್ಬನ್ನು ಮೂಗಿನವರೆಗೆ ಎಳೆದರು. ‘ಅಲ್ಲಲ್ಲ! ಕೈ ತಗೀರಿ, ಮೊದಲು ಕೈ ತಗೀರಿ!’ ಎಂದು ಹನುಮಂತಮ್ಮ ಗದರಿ, ಗದರಿದ್ದು ಯಾರನ್ನು ಎಂದು ತಿಳಿದು ನಾಲಿಗೆ ಕಚ್ಚಿಕೊಂಡಳು. ಆಪಾ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು, ‘ಸರಿ, ಹೆಂಗಂತ ತೋರಿಸು’ ಎಂದರು. ಆ ವಿಧೇಯತೆ ನೋಡಿ ಹನುಮಂತಮ್ಮನಿಗೆ ನಗುವೂ ಬಂತು, ಇವರನ್ನು ಎತ್ತಿ ಮುದ್ದಾಡಬೇಕು ಅನ್ನುವಷ್ಟು ಪ್ರೀತಿಯೂ ಬಂತು. ತೋರಿಸಿದಳು. ಕೊನೆಗೆ ಬಾಯಿಯ ಹತ್ತಿರ ಬಂದಾಗ ಇಬ್ಬರೂ ಒಮ್ಮೆಲೇ ನಿಂತರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ‘ಕೊಟ್ಟುಬಿಡ್ಲೇನು ಒಂದು?’ ಎಂದಳು ಹನುಮಂತಮ್ಮ. ಆಪಾ ನಕ್ಕು ನಕ್ಕು ಸ್ಟೂಲಿನಿಂದ ಜಾರಿದರು, ಬಸ್ಸಮ್ಮ ಓಡಿ ಬಂದು ಏನಾಯಿತೋ ಎಂದು ನೀರು ಚಿಮುಕಿಸಿದಳು.

ನಾಲ್ಕೂವರೆಗೆ ಚಿತ್ರ ಹೈದರಾಬಾದಿಗೆ ಹೋಯಿತು. ಹತ್ತು ನಿಮಿಷಕ್ಕೆ ಕಾರ್ಖಾನೆಯವರಿಂದ ಎಲ್ಲ ಸರಿಯಿದೆ ಎಂದು ಬಂತು. ಇನ್ನೂ ಸ್ವಲ್ಪ ಹೊತ್ತಿಗೆ ಅನ್ನಮ್ಮನವರ ಫೋನು. ಆಪಾ ಸ್ಪೀಕರ್ ಒತ್ತಿದರು. ಹಿಂದೆ ಮಿಲ್ಲಿನ ಗರಗರ ಸದ್ದು. ‘ಆಪಾ, ಭಾಳ ಚಲೋ ಬಂದದ. ನಮ್ಮ ಸ್ವಪ್ನಾ ಹಂಗ ಅದಾಳ. ನಿಮ್ಮ ಕೈ ಅಂದ್ರ ಕೈ ಬಿಡ್ರಿ.’

ಹನುಮಂತಮ್ಮ ಲೋಟ ತೊಳೆಯುವ ನೆವದಲ್ಲಿ ಎದ್ದಳು. ಹೊಗಳಿಕೆ ಆಪಾನ ಹೆಸರಿಗೇ ಹೋಗಲಿ, ಹೋಗುವುದೇ ನ್ಯಾಯ, ಕೆಲಸ ಅವರದು. ಆದರೆ ಆಪಾ ಅವಳ ಸೆರಗು ಹಿಡಿದು ಕೂರಿಸಿದರು. ‘ನನ್ನ ಕೈ ಅಲ್ಲರೀ ಅಮ್ಮಾರ. ಮಾನ್ವ್ಯಾಗ ಹನುಮಂತಮ್ಮ ಅಂತ ನನ್ನ ಹುಡುಗಿ ಅದಾಳ, ಅಕೀದು. ನನ್ನ ಬಾಡಿಗಿ ಸಾಫ್ಟ್‌ವೇರ್ ಬಂದ್ ಬಿದ್ದಿತ್ತು. ಅಕಿ ಪುಕ್ಕಟೆದರಾಗ ಬಿಡಿಸಿ ಕೊಟ್ಟಳು. ನಾನೂ ಇನ್ನ ಅದನ್ನ ಕಲಿಯಾಕಿ.’

ಹೇಳಿಬಿಟ್ಟರು! ಹನುಮಂತಮ್ಮನ ಕಿವಿ ಬಿಸಿಯಾದವು. ಇನ್ನೇನು ಬರುತ್ತದೆ ಎಂಬುದು ಅವಳಿಗೆ ಅಕ್ಷರ ಅಕ್ಷರ ಗೊತ್ತಿತ್ತು. ಎರಡು ವರ್ಷ ಪಾತ್ರೆ ತಿಕ್ಕುವಾಗ, ಬಟ್ಟೆ ಹಿಂಡುವಾಗ, ಗಿರಾಕಿಯ ಮುಂದೆ ಕೂತಾಗ, ಆ ಮಾತನ್ನು ಮನಸ್ಸಿನಲ್ಲೇ ಕೇಳಿ ಕೇಳಿ ಬೆವೆತಿದ್ದಳು. ಅದು ಬಂದೇ ಬಂತು.

‘ಪುಕ್ಕಟೆದರಾಗ?’ ಎಂದರು ಅನ್ನಮ್ಮನವರು. ನಗುತ್ತಿದ್ದರು, ಆದರೆ ನಗುವಿನೊಳಗೆ ವ್ಯಾಪಾರವಿತ್ತು. ‘ಹಂಗಾದ್ರ ಬಿಲ್ಲು ಯಾತರದು ಮತ್ತ? ಅಕಿಗಿ ಚಹಾ ಪಾನಿಗಿ ಏನರ ಕೊಟ್ರ ಸಾಕಲ್ಲ?’

ಆಪಾ ಉತ್ತರ ಕೊಡಲು ಬಾಯಿ ತೆರೆದರು. ಹನುಮಂತಮ್ಮ ಕೈ ಚಾಚಿ ಅವರ ಕೈಯಿಂದ ಫೋನು ತೆಗೆದುಕೊಂಡಳು.

‘ಅಮ್ಮಾರ, ನಾ ಹನುಮಂತಮ್ಮ ಮಾತಾಡಾಕತ್ತೀನಿ,’ ಎಂದಳು. ‘ಪುಕ್ಕಟೆ ಇರೋದು ಸಾಫ್ಟ್‌ವೇರ್ ರೀ. ನಾ ಅಲ್ಲ.’

ಆಪಾ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಕೂತಿದ್ದರು. ಆ ಕಡೆ ಅನ್ನಮ್ಮನವರು ಜೋರಾಗಿ ನಕ್ಕರು.

‘ಕಳಸವ್ವಾ ಬಿಲ್ಲು,’ ಎಂದರು. ‘ನಿನ್ನ ಹೆಸರಿನಾಗ ಕಳಸು.’